ಕಾಡಿನ ಅಡಿಯ ಎಣ್ಣೆಯೋ, ಹೊಲದ ಮೇಲಿನ ಬಿಸಿಲೋ?



ನೀವು ಟ್ರ್ಯಾಕ್ಟರಿಗೂ ಪಂಪಿಗೂ ಹಾಕುವ ಡೀಸೆಲ್ ಎಲ್ಲಿಂದ ಬರುತ್ತದೆ? ಪೇಟೆಯ ಬಂಕಿನಿಂದ ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಉಳಿದುದನ್ನು ಮುಂಬಯಿಯ ಕಡಲು, ರಾಜಸ್ಥಾನ, ಗುಜರಾತ್, ಅಸ್ಸಾಂ ಮೊದಲಾದ ಕಡೆಗಳಲ್ಲಿ ನಾವೇ ತೆಗೆಯುತ್ತೇವೆ. ಹೊರದೇಶದ ಎಣ್ಣೆಯ ಮೇಲಿನ ಅವಲಂಬನೆ ತಗ್ಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ವನ್ಯಜೀವಿಗಳಿಗೆಂದು ಕಾಯ್ದಿಟ್ಟ ಕಾಡುಗಳ ಅಂಚಿನಲ್ಲೂ ಅಡಿಯಲ್ಲೂ ಬಾವಿ ಕೊರೆಯಬೇಕೇ? ಬೇಡವೆಂಬುದೇ ಈ ಲೇಖನದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಬದಲಿಗೆ ರೈತರು ಮಾಡಬಹುದಾದುದನ್ನೂ ಇಲ್ಲಿ ವಿವರಿಸಲಾಗಿದೆ.

ಬಾಘಜಾನಿನಲ್ಲಿ ನಡೆದದ್ದು

ಅಸ್ಸಾಮಿಗೂ ಎಣ್ಣೆಗೂ ಹಳೆಯ ನಂಟು. ಅಲ್ಲಿನ ಡಿಗ್ಬೋಯಿಯಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತು. 1901ರಲ್ಲಿ ಶುದ್ಧೀಕರಣ ಕಾರ್ಖಾನೆಯೂ ಆರಂಭವಾಯಿತು. ಡಿಗ್ಬೋಯಿ ಇರುವ ತಿನ್ಸುಕಿಯಾ ಜಿಲ್ಲೆಯಲ್ಲೇ ಬಾಘಜಾನ್ ಎಂಬ ಹಳ್ಳಿಯೂ ಇದೆ. ಹಳ್ಳಿಯ ಒಂದು ಮಗ್ಗುಲಿಗೆ ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಇನ್ನೊಂದು ಮಗ್ಗುಲಿಗೆ ಮಾಗುರಿ-ಮೊತಾಪುಂಗ್ ಎಂಬ ದೊಡ್ಡ ಜೌಗು ಕೆರೆ. ಉದ್ಯಾನದ ವಿಸ್ತಾರ 340 ಚದರ ಕಿಲೋಮೀಟರು. ಬಿಳಿರೆಕ್ಕೆಯ ಕಾಡುಬಾತು, ಕಾಡು ಬಿದ್ದ ಕುದುರೆಗಳು ಅಲ್ಲಿವೆ. ಸುತ್ತಲಿನ ನದಿಗಳಲ್ಲಿ ಗಂಗಾ ಡಾಲ್ಫಿನ್ ಇದೆ. ಸುತ್ತಲಿನ ಜನ ನಮ್ಮಂತೆಯೇ ಬೇಸಾಯಗಾರರು. ಭತ್ತ, ಅಡಿಕೆ, ಸಣ್ಣ ಸಣ್ಣ ಚಹಾ ತೋಟ, ದನಕರು, ಕೆರೆಯ ಮೀನು ಇವೇ ಅವರ ಜೀವನಾಧಾರ.

2020ರ ಮೇ 27ರಂದು ಬಾಘಜಾನಿನ 5ನೆಯ ಸಂಖ್ಯೆಯ ಬಾವಿ ದುರಸ್ತಿ ಕೆಲಸ ನಡೆಯುತ್ತಿದ್ದಾಗ ಸಿಡಿಯಿತು. ಇದು ಸಾರ್ವಜನಿಕ ರಂಗದ ಆಯಿಲ್ ಇಂಡಿಯಾ ಕಂಪನಿಯ ಬಾವಿ. 3,800 ಮೀಟರಿಗೂ ಹೆಚ್ಚು ಆಳದಿಂದ ಅನಿಲವು ತಡೆಯಿಲ್ಲದೆ ಮೇಲೆ ನುಗ್ಗಿತು. ಅದರೊಡನೆ ಬಂದ ಎಣ್ಣೆಯಂಥ ದ್ರವವು ಮಳೆಹನಿಯಂತೆ ಹೊಲ, ತೋಟ, ಕೆರೆಗಳ ಮೇಲೆ ಬಿದ್ದು ಹರಡಿತು. ಮೀನುಗಳು ಸತ್ತು ತೇಲಿದವು. ಒಂದು ಡಾಲ್ಫಿನ್ ಸಹ ಸತ್ತುಬಿದ್ದುದು ಕಂಡುಬಂತು. ಜೂನ್ 9ರಂದು ಚಿಮ್ಮುತ್ತಿದ್ದ ಅನಿಲಕ್ಕೆ ಬೆಂಕಿ ಹೊತ್ತಿಕೊಂಡಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಜೀವ ತೆತ್ತರು. ಹತ್ತಿರದ ಮನೆಗಳು, ಅಡಿಕೆ ಮರಗಳು, ದವಸ ತುಂಬಿದ ಕಣಜಗಳು ಉರಿದುಹೋದವು. ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಹೊರದೇಶದ ಪರಿಣತರನ್ನು ಕರೆಸಿದರೂ ಬೆಂಕಿ ಪೂರ್ತಿ ಆರಿದ್ದು ನವೆಂಬರ್ 15ರಂದು. ಅಂದರೆ ಬಾವಿ ಸಿಡಿದು ಐದೂವರೆ ತಿಂಗಳಾದ ಮೇಲೆ. ಅಷ್ಟರಲ್ಲಿ ಒಂದು ಮುಂಗಾರಿನ ಬೆಳೆಯ ಕಾಲವೇ ಕಳೆದುಹೋಗಿತ್ತು.

ಜೂನ್ ತಿಂಗಳಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕಂಪನಿಯಿಂದ 25 ಕೋಟಿ ರೂಪಾಯಿ ಠೇವಣಿ ಇಡಿಸಿತು. ಮನೆ ಸುಟ್ಟವರಿಗೆ ಪರಿಹಾರವನ್ನು ಲೆಕ್ಕ ಹಾಕಬಹುದು. ಆದರೆ ಎಣ್ಣೆ ಬಿದ್ದ ಗದ್ದೆಯ ಮಣ್ಣಿಗೆ, ಬರಿದಾದ ಕೆರೆಗೆ ಲೆಕ್ಕ ಹಾಕುವುದು ಹೇಗೆ? ಮಣ್ಣಿನಲ್ಲಿ ಎಣ್ಣೆ ಸೇರಿದರೆ ಕಣಗಳ ನಡುವಿನ ಗಾಳಿ, ನೀರಿನ ಸಂಚಾರ ಕೆಡುತ್ತದೆ. ಬೇರು ಉಸಿರಾಡಲಾರದು. ಎಣ್ಣೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರುವುದರಿಂದ ಪೈರು ಹಳದಿಯಾಗುತ್ತದೆ. ಇಂಥ ನೆಲವನ್ನು ಮೊದಲಿನ ಸ್ಥಿತಿಗೆ ತರಲು ವರ್ಷಗಳೇ ಬೇಕಾಗುತ್ತವೆ.

"ದೂರದಿಂದ ಓರೆಯಾಗಿ ಕೊರೆದರೆ ಆಗದೇ?"

ಈ ಪ್ರಶ್ನೆ ನಿಮಗೂ ಬರಬಹುದು. ಇಂದಿನ ಯಂತ್ರಗಳಿಂದ ಕಾಡಿನ ಹೊರಗೆ ನಿಂತು, ನೆಲದಡಿಯಲ್ಲಿ ಓರೆಯಾಗಿ ಕೊರೆದು, ಕಾಡಿನ ಕೆಳಗಿನ ಎಣ್ಣೆಯನ್ನು ತೆಗೆಯಲು ಸಾಧ್ಯವಿದೆ. ಡಿಬ್ರು-ಸೈಖೋವಾ ಉದ್ಯಾನದ ಅಡಿಯಲ್ಲಿ ಹೀಗೆ ಏಳು ಕಡೆ ಕೊರೆಯಲು 2020ರ ಮೇ ತಿಂಗಳಲ್ಲಿ, ಅಂದರೆ ಬಾವಿ ಸಿಡಿಯುವುದಕ್ಕೆ ಕೆಲವೇ ದಿನ ಮೊದಲು, ಪರಿಸರ ಮಂತ್ರಾಲಯದ ಒಪ್ಪಿಗೆಯೂ ದೊರೆತಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಗೌಹಾಟಿ ಉಚ್ಚ ನ್ಯಾಯಾಲಯ ಆ ಒಪ್ಪಿಗೆಗೆ ತಡೆ ನೀಡಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಸಿಡಿದ ಬಾವಿ ಇದ್ದದ್ದೂ ಉದ್ಯಾನದ ಹೊರಗೆ. ಅನಿಲ, ಎಣ್ಣೆ, ಹೊಗೆ, ಸದ್ದು ಯಾವುದಕ್ಕೂ ಗಡಿಕಲ್ಲು ಗೊತ್ತಿಲ್ಲ. ನೆರೆಯ ಹೊಲದಲ್ಲಿ ಹೊಡೆದ ಕಳೆನಾಶಕ ಗಾಳಿಯಲ್ಲಿ ಬಂದು ನಿಮ್ಮ ಪೈರನ್ನು ಸುಡುವುದನ್ನು ನೀವು ಕಂಡಿರಬಹುದು, ಇದೂ ಹಾಗೆಯೇ. ಅಪಘಾತ ದಿನವೂ ಆಗುವುದಿಲ್ಲ, ನಿಜ. ಆದರೆ ಎಲ್ಲಾದರೂ ಒಮ್ಮೆ ಆದರೆ ತಾಳಿಕೊಳ್ಳಬಲ್ಲ ಜಾಗ ಬೇರೆ, ಒಮ್ಮೆ ಆದರೂ ತಾಳಲಾರದ ಜಾಗ ಬೇರೆ. ಇಡೀ ಭೂಮಿಯಲ್ಲಿ ಕೆಲವೇ ಕಡೆ ಉಳಿದಿರುವ ಪ್ರಾಣಿಗಳ ನೆಲೆ ಎರಡನೆಯ ಬಗೆಯದು. ಹಸಿವಾಯಿತೆಂದು ಬಿತ್ತನೆ ಬೀಜವನ್ನು ಕುಟ್ಟಿ ಉಣ್ಣುವ ರೈತನಿಲ್ಲ. ಕಾಯ್ದಿಟ್ಟ ಕಾಡು ಒಂದು ದೇಶದ ಬಿತ್ತನೆ ಬೀಜ.

ಬೇರೆ ದೇಶಗಳ ಅನುಭವ

ಅಮೆರಿಕದ ಅಲಾಸ್ಕಾದಲ್ಲಿ, ಉತ್ತರ ಧ್ರುವದ ಅಂಚಿಗೆ, 1960ರಲ್ಲಿ ಒಂದು ವನ್ಯಜೀವಿ ನೆಲೆಯನ್ನು ಕಾಯ್ದಿರಿಸಿದರು. 1980ರಲ್ಲಿ ಅದನ್ನು ಸುಮಾರು 190 ಲಕ್ಷ ಎಕರೆಗೆ ವಿಸ್ತರಿಸಿದರು. ಅದರ ಕಡಲತೀರದ 15 ಲಕ್ಷ ಎಕರೆಯ ಬಯಲಿನಡಿ ಎಣ್ಣೆ ಇರಬಹುದೆಂಬ ಅಂದಾಜು. ಆ ಬಯಲಿಗೇ ಪ್ರತಿ ವರ್ಷ ಕ್ಯಾರಿಬೂ ಎಂಬ ಹಿಮಸಾರಂಗದ ದೊಡ್ಡ ಹಿಂಡು ಮರಿ ಹಾಕಲು ಬರುತ್ತದೆ. ಆ ಹಿಂಡನ್ನೇ ನಂಬಿ ಬದುಕಿದ ಗ್ವಿಚಿನ್ ಜನ ಅಲ್ಲಿ ಕೊರೆಯುವುದನ್ನು ಹತ್ತಾರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಎಣ್ಣೆ ತೆಗೆಯಲು 2017ರಲ್ಲಿ ಕಾನೂನು ಬಾಗಿಲು ತೆರೆಯಿತು. ಆದರೆ 2021ರ ಜನವರಿಯ ಹರಾಜಿಗೆ ದೊಡ್ಡ ಎಣ್ಣೆ ಕಂಪನಿಗಳು ಬರಲಿಲ್ಲ. 2025ರ ಜನವರಿಯ ಹರಾಜಿಗಂತೂ ಒಂದು ಬಿಡ್ ಸಹ ಬರಲಿಲ್ಲ. ಆದರೂ ಅದೇ ವರ್ಷ ಅಲ್ಲಿನ ಸರ್ಕಾರ ಆ ಬಯಲನ್ನು ಮತ್ತೆ ತೆರೆಯಲು ಹೊರಟಿತು.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶ ಬಡದೇಶ. ಅದರ ಆದಾಯದಲ್ಲಿ ಎಣ್ಣೆಯ ಪಾಲು ದೊಡ್ಡದು. ಅಲ್ಲಿನ ಯಾಸುನಿ ರಾಷ್ಟ್ರೀಯ ಉದ್ಯಾನದ ಒಂದು ಭಾಗದಲ್ಲಿ ಎಣ್ಣೆ ತೆಗೆಯುತ್ತಿದ್ದರು. 2023ರ ಆಗಸ್ಟ್ 20ರಂದು ಈ ಬಗ್ಗೆ ದೇಶದಾದ್ಯಂತ ಮತ ಕೇಳಿದಾಗ ನೂರಕ್ಕೆ ಸುಮಾರು 59 ಮಂದಿ ಎಣ್ಣೆ ನೆಲದಲ್ಲೇ ಉಳಿಯಲಿ ಎಂದರು. ಸ್ವಂತ ಆದಾಯಕ್ಕೆ ಕತ್ತರಿ ಬೀಳುವುದೆಂದು ತಿಳಿದೂ ಜನ ಕೊಟ್ಟ ತೀರ್ಪು ಇದು.

ಬದಲಿ ಏನು?

ಬೇಡವೆಂದು ಹೇಳಿ ಸುಮ್ಮನಾದರೆ ಬೇಸಾಯ ನಡೆಯುವುದಿಲ್ಲ. ಡೀಸೆಲ್ ಇಂದೇ ಬಿಡಲು ಸಾಧ್ಯವೂ ಇಲ್ಲ. ಆದರೆ ಒಂದೊಂದು ಕೆಲಸದಲ್ಲೂ ಅದರ ಪಾಲನ್ನು ತಗ್ಗಿಸಬಹುದು.

1. ಸೌರ ಪಂಪು: 5 ಅಶ್ವಶಕ್ತಿಯ ಡೀಸೆಲ್ ಪಂಪು ಗಂಟೆಗೆ ಸುಮಾರು ಒಂದು ಲೀಟರ್ ಎಣ್ಣೆ ಕುಡಿಯುತ್ತದೆ. ದಿನಕ್ಕೆ 4 ಗಂಟೆಯಂತೆ 100 ದಿನ ಓಡಿಸಿದರೆ 400 ಲೀಟರು. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗಿಂತ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುವುದರಿಂದ, ಇದೊಂದೇ ಪಂಪಿನಿಂದ ಒಂದು ಟನ್ನು ಹೊರಬಿದ್ದಂತಾಯಿತು. ಇದೇ ಶಕ್ತಿಯ ಪಂಪಿಗೆ ಸುಮಾರು 5 ಕಿಲೋವ್ಯಾಟ್ ಸೌರ ಫಲಕ ಸಾಕು. ಅದಕ್ಕೆ ಅರ್ಧ ಗುಂಟೆಯಷ್ಟು ಜಾಗ ಹಿಡಿಯುತ್ತದೆ. ಫಲಕಗಳು ದಕ್ಷಿಣಕ್ಕೆ ಮುಖಮಾಡಿರಬೇಕು. ಮರದ ನೆರಳು ಬೀಳಬಾರದು. ಧೂಳನ್ನು ಆಗಾಗ ತೊಳೆಯಬೇಕು. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಡಿ ಸೌರ ಪಂಪಿಗೆ ಸಹಾಯಧನ ದೊರೆಯುತ್ತ ಬಂದಿದೆ. ಸದ್ಯದ ದರ, ನಿಯಮಗಳನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

2. ಗೋಬರ್ ಅನಿಲ: 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ದನಗಳಿದ್ದ ಮನೆಗೆ ಇದು ಕಷ್ಟವಲ್ಲ. ಐದಾರು ಜನರ ಅಡುಗೆ ಸಾಗುತ್ತದೆ. ಪೂರ್ತಿ ಬಳಸಿದರೆ ತಿಂಗಳಿಗೆ ಸುಮಾರು 25 ಕಿಲೋ ಅಡುಗೆ ಅನಿಲ ಉಳಿದಂತೆ. ಹೊರಬರುವ ಬಗ್ಗಡ ಉತ್ತಮ ಗೊಬ್ಬರ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಮಂದಿರದ ಆಸ್ತ್ರ ವಿಭಾಗದವರು ಊರಿನ ಸಗಣಿಯಿಂದಲೇ ಅನಿಲ ತಯಾರಿಸಿ, ಎಂಜಿನ್ ಓಡಿಸಿ, 1980ರ ದಶಕದಲ್ಲೇ ಮನೆಗಳಿಗೆ ದೀಪವನ್ನೂ ನಲ್ಲಿ ನೀರನ್ನೂ ಒದಗಿಸಿ ತೋರಿಸಿದರು.

3. ಹೊಂಗೆ: ಬದುವಿನ ಮೇಲೆ ತಾನಾಗಿ ಬೆಳೆಯುವ ಮರ. ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಸುಮಾರು ಒಂದು ಕಿಲೋ ಎಣ್ಣೆ ಬರುತ್ತದೆ. ಹಿಂಡಿ ಒಳ್ಳೆಯ ಗೊಬ್ಬರ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ನಡೆಸಿ ಇದರ ಬಗ್ಗೆ ಪ್ರಯೋಗ ಮಾಡಿದೆ. ಆದರೆ ಹಸಿ ಹೊಂಗೆ ಎಣ್ಣೆಯನ್ನು ನೇರವಾಗಿ ಎಂಜಿನ್ನಿಗೆ ಹಾಕಬೇಡಿ, ಮಡ್ಡಿ ಕಟ್ಟುತ್ತದೆ. ಸಂಸ್ಕರಿಸಿದ ಮೇಲೆಯೇ ಅದು ಜೈವಿಕ ಡೀಸೆಲ್. ಹೊಂಗೆಯನ್ನು ಬದು, ಬಂಜರಿಗೆ ಸೀಮಿತಗೊಳಿಸಿರಿ. ಉಣ್ಣುವ ಬೆಳೆಯ ನೆಲವನ್ನು ಇದಕ್ಕೆ ಬಿಟ್ಟುಕೊಡುವುದು ಸಲ್ಲದು.

4. ಉಳಿತಾಯ: ಉಳಿಸಿದ ಎಣ್ಣೆಯೇ ಎಲ್ಲಕ್ಕಿಂತ ಶುದ್ಧವಾದ ಎಣ್ಣೆ. ಸೆಕೆಂಡಿಗೆ ಒಂದು ತೊಟ್ಟು ಡೀಸೆಲ್ ಸೋರಿದರೆ ದಿನಕ್ಕೆ ನಾಲ್ಕು ಲೀಟರಿನಷ್ಟು ಹೋಗುತ್ತದೆ. ಟ್ರ್ಯಾಕ್ಟರ್ ನಿಲ್ಲಿಸಿ ಮಾತಿಗೆ ನಿಂತಾಗ ಎಂಜಿನ್ ಆರಿಸಿರಿ. ಗಾಳಿ ಶೋಧಕವನ್ನು ಶುಚಿಯಾಗಿಡಿ. ಬಾವಿಯ ಆಳಕ್ಕೆ ತಕ್ಕ ಪಂಪನ್ನೇ ಕೂರಿಸಿರಿ. ಹನಿ ನೀರಾವರಿಯಿಂದ ನೀರು ಉಳಿದಷ್ಟೂ ಎತ್ತುವ ಶಕ್ತಿಯೂ ಉಳಿಯುತ್ತದೆ.

ಎಚ್ಚರ ಬೇಕಾದ ಕಡೆ

ಶುದ್ಧ ಶಕ್ತಿಯೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಎಂದು ತಿಳಿಯಬಾರದು. ಬಿಸಿಲಿಗೆ ಬಿಲ್ಲು ಇಲ್ಲವೆಂದು ದಿನವಿಡೀ ಪಂಪು ಓಡಿಸಿದರೆ ಕೊಳವೆಬಾವಿ ಬತ್ತುತ್ತದೆ. ಸೌರ ಪಂಪಿನೊಡನೆ ಹನಿ ನೀರಾವರಿಯೂ ಇಂಗುಗುಂಡಿಯೂ ಇರಲೇಬೇಕು.

ದೊಡ್ಡ ಸೌರ ಸ್ಥಾವರಗಳೂ ನೆಲ ಬೇಡುತ್ತವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. ಅಲ್ಲಿ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಯಿಂದ ಆರಂಭಿಸಿ ರೈತರಿಂದ ಪಡೆದರು. ಬರದಿಂದ ಬೇಸತ್ತ ಜಮೀನುದಾರರಿಗೆ ಇದು ಆಸರೆಯಾಯಿತು. ಆದರೆ ಜಮೀನಿಲ್ಲದ ಕೂಲಿಗಾರರಿಗೂ ಕುರಿ ಕಾಯುವವರಿಗೂ ಗುತ್ತಿಗೆ ಹಣ ಬರುವುದಿಲ್ಲ. ಕೂಲಿಯೂ ಮೇವಿನ ಬಯಲೂ ಕಡಿಮೆಯಾಗುತ್ತವೆ. ಇಂಥ ಯೋಜನೆ ನಿಮ್ಮೂರಿಗೆ ಬಂದರೆ ಗ್ರಾಮಸಭೆಯಲ್ಲಿ ಈ ಮಾತನ್ನೂ ಎತ್ತಿರಿ. ಕಾಡನ್ನು ಎಣ್ಣೆಗೆ ಕೊಡಬಾರದೆನ್ನುವ ನಾವು ಹುಲ್ಲುಗಾವಲನ್ನು ಗಾಜಿನ ಫಲಕಕ್ಕೆ ಕೊಡುವಾಗಲೂ ಯೋಚಿಸಬೇಕು. ಮನೆಯ ಮಾಡು, ಕಾಲುವೆಯ ದಂಡೆ, ಕೃಷಿಗೆ ಬಾರದ ಕಲ್ಲುನೆಲ ಮೊದಲು, ಗೋಮಾಳ ಕೊನೆಗೆ.

ಕೊನೆಯ ಮಾತು

ಎಣ್ಣೆಯ ನಿಕ್ಷೇಪ ಎಷ್ಟೇ ದೊಡ್ಡದಿರಲಿ, ಒಂದು ದಿನ ತೀರುತ್ತದೆ. ತೀರಿದ ಮೇಲೆ ಹೇಗೂ ಬಿಸಿಲು, ಗಾಳಿ, ಸಗಣಿಗಳ ಕಡೆಗೇ ಬರಬೇಕು. ಆಗ ಬರುವುದನ್ನು ಈಗಲೇ ಬಂದರೆ ಕಾಡೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ. ಬಾಘಜಾನಿನ ರೈತ ತನ್ನ ಗದ್ದೆಯ ಪಕ್ಕದಲ್ಲಿ ಬಾವಿ ಬೇಕೆಂದು ಕೇಳಿರಲಿಲ್ಲ. ನಮ್ಮೆಲ್ಲರ ಬೇಡಿಕೆ ಸೇರಿ ಅದನ್ನು ಅಲ್ಲಿಗೆ ತಂದಿತು. ಆದ್ದರಿಂದ ಮುಂದಿನ ಬೇಸಿಗೆಗೆ ಪಂಪು ಬದಲಿಸುವ ಯೋಚನೆಯಿದ್ದರೆ, ಹೊಸ ಡೀಸೆಲ್ ಎಂಜಿನ್ ಕೊಳ್ಳುವ ಮುನ್ನ ಒಮ್ಮೆ ಸೌರ ಪಂಪಿನ ಲೆಕ್ಕವನ್ನೂ ಹಾಕಿ ನೋಡಿರಿ. ಕೊಟ್ಟಿಗೆಯಲ್ಲಿ ನಾಲ್ಕು ದನಗಳಿದ್ದರೆ ಗೋಬರ್ ಅನಿಲ ಸ್ಥಾವರದ ಬಗ್ಗೆ ವಿಸ್ತರಣಾ ಕಾರ್ಯಕರ್ತರನ್ನು ಕೇಳಿರಿ. ದೂರದ ಕಾಡೊಂದನ್ನು ಉಳಿಸುವ ಕೆಲಸದಲ್ಲಿ ನಿಮ್ಮ ಹೊಲದಿಂದಲೇ ಮಾಡಬಹುದಾದ ಪಾಲು ಇದು.