ಅರ್ಧ ಲೀಟರ್ ಬಾಟಲಿಯಲ್ಲಿ ಒಂದು ಮೂಟೆ ಯೂರಿಯಾ ಹಿಡಿಯುತ್ತಾ?

ಚೇಳೂರು ಸುತ್ತಮುತ್ತ ರಾಗಿಗೆ ಮೇಲುಗೊಬ್ಬರ ಹಾಕೋ ಹೊತ್ತಿಗೆ ಯೂರಿಯಾ ಮೂಟೆಯದ್ದೇ ಮಾತು. 2021ರಲ್ಲಿ ಇಫ್ಕೋ ಇದಕ್ಕೊಂದು ಪರ್ಯಾಯ ತಂದಿತು: ನ್ಯಾನೊ ಯೂರಿಯಾ. ಅರ್ಧ ಲೀಟರ್ ಬಾಟಲಿ 45 ಕೆ.ಜಿ. ಮೂಟೆಗೆ ಸಮ ಅಂತ ಪ್ರಚಾರ. ಕಣ ಚಿಕ್ಕದು, ಹಾಗಾಗಿ ಎಲೆಯೊಳಗೆ ಸಲೀಸಾಗಿ ಇಳಿಯುತ್ತೆ ಅನ್ನೋದು ವಾದ.

ಮೊದಲು ಗಾತ್ರ ನೋಡೋಣ. ಕಂಪನಿ ಪ್ರಕಾರ ಕಣಗಳು 20ರಿಂದ 50 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್. ತೆರೆದ ಪತ್ರರಂಧ್ರ ಈ ಕಣಕ್ಕೆ ಊರಬಾಗಿಲಿನಷ್ಟು ದೊಡ್ಡದು. ತೊಂದರೆ ಇರೋದು ಆಮೇಲೆ. ಒಳಗಿನ ಪ್ರತಿ ಜೀವಕೋಶಕ್ಕೂ ಒಂದು ಭಿತ್ತಿ ಇದೆ, ಅದರ ರಂಧ್ರಗಳು ಸಾಮಾನ್ಯವಾಗಿ 5ರಿಂದ 20 ನ್ಯಾನೋಮೀಟರ್ ಮಾತ್ರ. ದೊಡ್ಡ ಕಣ ಅಲ್ಲೇ ತಡೆಯಬಹುದು. ವಿದ್ಯುದಂಶದ ಲೆಕ್ಕವೂ ಇದೆ: ಭಿತ್ತಿ ಋಣ, ಹಾಗಾಗಿ ಧನ ಕಣ ಅದಕ್ಕೆ ಅಂಟಿಕೊಳ್ಳುತ್ತೆ.

ಈಗ ಮಾಮೂಲಿ ಯೂರಿಯಾ ನೋಡಿ. ನೀರಲ್ಲಿ ಕರಗಿದ ಅದರ ಅಣು ಒಂದು ನ್ಯಾನೋಮೀಟರಿಗಿಂತ ಚಿಕ್ಕದು, ವಿದ್ಯುದಂಶವೂ ಇಲ್ಲ. ಶೇ. 2ರ ಯೂರಿಯಾ ದ್ರಾವಣ ಎಲೆಗೆ ಸಿಂಪಡಿಸೋದು ಹಳೇ ಪದ್ಧತಿಯೇ. ಅಂದರೆ ‘ಚಿಕ್ಕದು’ ಅನ್ನೋದೇ ವಾದವಾದರೆ, ಮೂಟೆಯಲ್ಲಿರೋದು ಇನ್ನೂ ಚಿಕ್ಕದು!

ಎರಡನೆಯದು ಪ್ರಮಾಣ. ಇಂಜಿನಿಯರಿಂಗ್ ಓದಿದ ನನಗೆ ಇದೇ ಮುಖ್ಯ ಪ್ರಶ್ನೆ. ಮೂಟೆಯಲ್ಲಿ ಶೇ. 46 ಸಾರಜನಕ, ಅಂದರೆ 20.7 ಕೆ.ಜಿ. ಮೊದಲ ಬಾಟಲಿಯಲ್ಲಿ ಶೇ. 4, ಅಂದರೆ ಸುಮಾರು 20 ಗ್ರಾಂ. ರಾಗಿ ಕಾಳಲ್ಲಿ ಸಾರಜನಕ ಹೆಚ್ಚುಕಡಿಮೆ ನೂರಕ್ಕೊಂದು ಭಾಗ. ಒಂದು ಹನಿಯೂ ಪೋಲಾಗದೆ ಒಳಗೆ ಹೋದರೂ ಬಾಟಲಿಯ ಸಾರಜನಕ ಸಾಲೋದು ಸುಮಾರು ಎರಡು ಕಿಲೋ ರಾಗಿಗೆ. ಮೂಟೆಯಲ್ಲಿ ಅರ್ಧಕ್ಕರ್ಧ ಪೋಲಾದರೂ 10 ಕಿಲೋ ಸಾರಜನಕ ಉಳಿಯುತ್ತೆ. 2024ರಲ್ಲಿ ಶೇ. 20ರ ‘ನ್ಯಾನೊ ಯೂರಿಯಾ ಪ್ಲಸ್’ ಬಂತು. ಆಗಲೂ ಲೆಕ್ಕ ನೂರು ಗ್ರಾಂ ಆಸುಪಾಸು.

ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಹೊಲದಲ್ಲೇ ಪರೀಕ್ಷಿಸಿದಾಗ, ನ್ಯಾನೊ ಯೂರಿಯಾ ಬಳಸಿದ ಕಡೆ ಭತ್ತ ಮತ್ತು ಗೋಧಿಯ ಇಳುವರಿ ಇಳಿಯಿತು. ಇಫ್ಕೋ ಇದನ್ನು ಒಪ್ಪಿಲ್ಲ.

ನ್ಯಾನೊ ತಂತ್ರಜ್ಞಾನವೇ ಬೊಗಳೆ ಅಂತ ನಾನು ಹೇಳ್ತಿಲ್ಲ. ಆದರೆ ಮೂಟೆ ಜೊತೆ ಬಾಟಲಿಯನ್ನೂ ಬಲವಂತವಾಗಿ ಕೊಡ್ತಾರೆ ಅನ್ನೋ ದೂರು ದೇಶದ ಹಲವೆಡೆ ಇದೆ. ಪ್ರಯೋಗ ತಪ್ಪಿದರೆ ನಷ್ಟ ಆಗೋದು ಮಳೆ ನಂಬಿದ ರೈತನಿಗೆ. ಹಿರೇಹಳ್ಳಿ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ನಮ್ಮದೇ ಜಿಲ್ಲೆಯಲ್ಲಿವೆ. ರಾಗಿ ಹೊಲದಲ್ಲೇ ಹೋಲಿಸಿ ನೋಡಿ, ಅಂಕಿಅಂಶ ಕನ್ನಡದಲ್ಲಿ ಹೊರಗಿಡಿ ಅಂತ ಕೇಳೋಣ. ಬಾಟಲಿ ಕೊಳ್ಳೋದು, ಬಿಡೋದು ಆಮೇಲೆ ರೈತರ ಇಷ್ಟ.