ಕಂಚೇ ಹೇಳುವ ಸ್ವರ

ಕತ್ತಲು ಕವಿದ ದೊಡ್ಡ ಹಜಾರ. ನಡುವೆ ಎರಡು ತೋಳು ಚಾಚಿದಂತೆ ನಿಂತ ಮರದ ಚೌಕಟ್ಟು. ಒಂದು ತೋಳು ಏಳು ಮೀಟರ್‌ಗೂ ಉದ್ದ, ಇನ್ನೊಂದು ಮೂರು ಮೀಟರ್‌ಗೂ ಹೆಚ್ಚು. ಅದರಲ್ಲಿ ಮೂರು ಸಾಲಾಗಿ ತೂಗುಬಿಟ್ಟ 65 ಕಂಚಿನ ಗಂಟೆಗಳು. ಮೇಲಿನ ಸಾಲಿನ ಅತಿ ಚಿಕ್ಕದನ್ನು ಒಂದೇ ಕೈಯಲ್ಲಿ ಎತ್ತಬಹುದು. ಕೆಳಗಿನ ಸಾಲಿನ ಅತಿ ದೊಡ್ಡದು ಮನುಷ್ಯನ ಹೆಗಲೆತ್ತರ, 203.6 ಕಿಲೋ ತೂಕ. ತೊಲೆಗಳ ಭಾರವನ್ನು ತಲೆ ಮತ್ತು ಕೈಗಳಲ್ಲಿ ಹೊತ್ತು ನಿಂತವರು ಆರು ಮಂದಿ ಕಂಚಿನ ಯೋಧರು. ಸೊಂಟದಲ್ಲಿ ಕತ್ತಿ, ಮುಖದಲ್ಲಿ ಕಿಂಚಿತ್ತೂ ದಣಿವಿಲ್ಲ. ಅವರು ಹೀಗೆ ನಿಲ್ಲಲು ಶುರುಮಾಡಿ 2,400 ವರ್ಷ ದಾಟಿದೆ.

ಇದು ಚೀನಾದ ವುಹಾನ್ ನಗರದಲ್ಲಿ, ಪೂರ್ವ ಸರೋವರದ ಸಮೀಪವಿರುವ ಹುಬೆ ಪ್ರಾಂತೀಯ ವಸ್ತುಸಂಗ್ರಹಾಲಯ. ಎತ್ತರದ ಜಗಲಿ, ಅಗಲವಾಗಿ ಹರಡಿದ ಇಳಿಜಾರು ಚಾವಣಿ. ಪ್ರಾಚೀನ ಚು ರಾಜ್ಯದ ಕಟ್ಟಡಗಳ ಧಾಟಿಯನ್ನು ನೆನಪಿಸುವ ವಾಸ್ತು. ಬೀಜಿಂಗಿನ ಅರಮನೆಯ ಸಂಗ್ರಹದಂತೆ ಇಲ್ಲಿ ಚಕ್ರವರ್ತಿಗಳ ವೈಭವ ಕಣ್ಣು ಕುಕ್ಕುವುದಿಲ್ಲ. ಯಾಂಗ್ಸಿ ಮತ್ತು ಹಾನ್ ನದಿಗಳ ಬಯಲು ತನ್ನ ಒಡಲಲ್ಲಿ ಇಟ್ಟುಕೊಂಡದ್ದೇ ಇಲ್ಲಿನ ಆಸ್ತಿ. ಶಾಲಾ ಮಕ್ಕಳ ಸಾಲು, ಅವರ ಮುಂದೆ ಬಾವುಟ ಹಿಡಿದ ಮಾರ್ಗದರ್ಶಿ, ಮೊಮ್ಮಕ್ಕಳ ಕೈಹಿಡಿದ ಅಜ್ಜ ಅಜ್ಜಿಯರು. ಎಲ್ಲರ ಕಾಲೂ ಮೊದಲು ಎಳೆಯುವುದು ಗಂಟೆಗಳ ಕಡೆಗೇ.

ಈ ಗಂಟೆಗಳ ಒಡೆಯ ತ್ಸೆಂಗ್ ಎಂಬ ಪುಟ್ಟ ರಾಜ್ಯದ ದೊರೆ ಯೀ. 1977ರಲ್ಲಿ ಸುಯ್‌ಜೋ ಬಳಿಯ ಲೇಗುದುನ್‌ನಲ್ಲಿ ಸೇನೆಯ ತುಕಡಿಯೊಂದು ಕಾರ್ಯಾಗಾರ ಕಟ್ಟಲು ಗುಡ್ಡ ಮಟ್ಟ ಮಾಡುತ್ತಿದ್ದಾಗ ಮಣ್ಣಿನ ಬಣ್ಣ ಬದಲಾಯಿತು. ಮರುವರ್ಷ ಪುರಾತತ್ವಜ್ಞ ತಾನ್ ವೇಸ ಅವರ ನೇತೃತ್ವದಲ್ಲಿ ಗೋರಿಯನ್ನು ತೆರೆದರು. ಒಳಗೆ ತುಂಬ ನೀರು. ಪಂಪು ಹಚ್ಚಿ ಮೆಲ್ಲಗೆ ಇಳಿಸುತ್ತಾ ಹೋದಂತೆ ಮೊದಲು ತೊಲೆಯ ತುದಿ, ಆಮೇಲೆ ಚಿಕ್ಕ ಗಂಟೆಗಳು, ಆಮೇಲೆ ಇಡೀ ವಾದ್ಯವೇ ನೀರಿನಿಂದ ಎದ್ದು ಬಂತು. ಕೆಲವು ಗಂಟೆಗಳು ಬಿದ್ದಿದ್ದವು. ಉಳಿದವು ತೂಗುಹಾಕಿದ ಜಾಗದಲ್ಲೇ ಇದ್ದವು. ಗಾಳಿಯಾಡದ ಆ ನೀರೇ ಮರವನ್ನು ಕೊಳೆಯದಂತೆ ಕಾಪಾಡಿತ್ತು. ಅದೇ ವರ್ಷದ ಆಗಸ್ಟ್ 1ರಂದು ಆ ಮೂಲ ಗಂಟೆಗಳನ್ನೇ ಸಭೆಯ ಮುಂದೆ ನುಡಿಸಿದರು. ಸ್ವರ ಹೊರಟಿತು, ಅದೂ ಶ್ರುತಿಶುದ್ಧವಾಗಿ.

ಈಗ ಮೂಲ ಗಂಟೆಗಳನ್ನು ಯಾರೂ ಮುಟ್ಟುವುದಿಲ್ಲ. ಸಂಗ್ರಹಾಲಯದ ಸಭಾಂಗಣದಲ್ಲಿ ಕಲಾವಿದರು ನುಡಿಸುವುದು ಪ್ರತಿಕೃತಿಗಳನ್ನು. ಹಿಂದೆ ನಿಂತವರು ಪುಟ್ಟ ಕೊಡತಿಗಳಿಂದ ಮೇಲಿನ ಸಾಲುಗಳನ್ನು ತಟ್ಟುತ್ತಾರೆ. ಮುಂದೆ ನಿಂತವರು ಉದ್ದನೆಯ ಮರದ ದಿಮ್ಮಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಸಾಲಿನ ಗಂಟೆಗೆ ತಾಗಿಸುತ್ತಾರೆ. ಆ ಮಂದ್ರ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ.

ಗಾಜಿನ ಹತ್ತಿರ ಹೋಗಿ ಒಂದೇ ಒಂದು ಗಂಟೆಯನ್ನು ಸಾವಧಾನವಾಗಿ ನೋಡಬೇಕು. ಅದರ ಬಾಯಿ ದುಂಡಗಿಲ್ಲ. ಬಾದಾಮಿಯ ಹಾಗೆ ಎರಡು ಕಡೆ ಚೂಪು. ಒಳಗೆ ನಾಲಗೆಯಿಲ್ಲ, ಹೊರಗಿನಿಂದಲೇ ಹೊಡೆಯಬೇಕು. ನಮ್ಮ ದೇವಸ್ಥಾನದ ಗಂಟೆ ದುಂಡಗಿರುವುದರಿಂದ ಒಮ್ಮೆ ಬಾರಿಸಿದರೆ ನಾದ ಬಹಳ ಹೊತ್ತು ಅನುರಣಿಸುತ್ತಲೇ ಇರುತ್ತದೆ. ಅದಕ್ಕೆ ಅದೇ ಚೆಂದ. ಆದರೆ ರಾಗ ನುಡಿಸುವ ವಾದ್ಯಕ್ಕೆ ಅದು ತೊಡಕು. ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಬಂದು ಎಲ್ಲವೂ ಕಲಸಿಹೋಗುತ್ತದೆ. ಬಾದಾಮಿ ಆಕಾರದ ಗಂಟೆಯಲ್ಲಿ ನಾದ ಬೇಗ ಅಡಗುತ್ತದೆ. ಅಷ್ಟೇ ಅಲ್ಲ, ಒಂದೇ ಗಂಟೆ ಎರಡು ಸ್ವರ ಕೊಡುತ್ತದೆ. ಮುಂಭಾಗದ ನಡುವೆ ತಟ್ಟಿದರೆ ಒಂದು, ಪಕ್ಕಕ್ಕೆ ತಟ್ಟಿದರೆ ಇನ್ನೊಂದು. ಮೊದಲನೆಯದನ್ನು ಷಡ್ಜ ಎಂದುಕೊಂಡರೆ ಎರಡನೆಯದು ಸಾಧಾರಣ ಗಾಂಧಾರ ಅಥವಾ ಅಂತರ ಗಾಂಧಾರ. ಒಟ್ಟು ಐದು ಸ್ಥಾಯಿಗಳ ಹರವು. ನಡುವಿನ ಸ್ಥಾಯಿಗಳಲ್ಲಿ ಹನ್ನೆರಡು ಸ್ವರಸ್ಥಾನಗಳೂ ಸಿಗುತ್ತವೆ. ಎರಕ ಹೊಯ್ದವನ ಲೆಕ್ಕ ಕೂದಲೆಳೆಯಷ್ಟು ತಪ್ಪಿದ್ದರೂ ಇದು ಆಗುತ್ತಿರಲಿಲ್ಲ.

ಪ್ರಾಚೀನ ಚೀನೀ ಗಂಟೆಗಳಲ್ಲಿ ಎರಡು ಸ್ವರಗಳಿವೆ ಎಂದು ಸಂಗೀತಶಾಸ್ತ್ರಜ್ಞ ಹ್ವಾಂಗ್ ಶಿಯಾಂಗ್‌ಪೆಂಗ್ 1977ರಲ್ಲೇ ಹೇಳಿದ್ದರು. ಅದು ಉದ್ದೇಶಪೂರ್ವಕವೇ, ಆಕಸ್ಮಿಕವೇ ಎಂಬ ಸಂಶಯ ಹಲವರಿಗಿತ್ತು. ಲೇಗುದುನ್‌ನ ಗಂಟೆಗಳು ಆ ಚರ್ಚೆಗೆ ತೆರೆ ಎಳೆದವು. ಹೊಡೆಯಬೇಕಾದ ಎರಡೂ ಜಾಗಗಳಲ್ಲಿ ಆಯಾ ಸ್ವರದ ಹೆಸರು ಬರೆದಿತ್ತು! ಅಕ್ಷರಗಳಿಗೆ ಚಿನ್ನ ತುಂಬಿದ್ದರು. ಹೆಸರಿನ ಜತೆಗೆ, ಈ ಸ್ವರವನ್ನು ಚು ರಾಜ್ಯದವರು ಏನೆನ್ನುತ್ತಾರೆ, ಜಿನ್‌ನವರು ಏನೆನ್ನುತ್ತಾರೆ ಎಂಬ ವಿವರವೂ ಇತ್ತು. ಗಂಟೆ, ಕೊಕ್ಕೆ, ಚೌಕಟ್ಟು ಎಲ್ಲ ಸೇರಿ 3,755 ಅಕ್ಷರಗಳು. ವಾದ್ಯವೂ ಅದೇ, ಅದರ ಲಕ್ಷಣಗ್ರಂಥವೂ ಅದೇ. ಓದಿದ್ದನ್ನು ತಟ್ಟಿ ಪರೀಕ್ಷಿಸಬಹುದು, ಕೇಳಿದ್ದನ್ನು ಓದಿ ಖಚಿತಪಡಿಸಿಕೊಳ್ಳಬಹುದು. ಪ್ರಾಚೀನ ಸಂಗೀತದ ಅಧ್ಯಯನದಲ್ಲಿ ಇಂಥ ಭಾಗ್ಯ ಬಹಳ ಅಪರೂಪ.

ಕೆಳಸಾಲಿನ ನಡುವೆ ಉಳಿದವುಗಳ ಜಾತಿಗೆ ಸೇರದ ಒಂದು ಗಂಟೆಯಿದೆ. ಚು ರಾಜ್ಯದ ಅರಸ ತನ್ನ ಆಳ್ವಿಕೆಯ 56ನೇ ವರ್ಷದಲ್ಲಿ ಯೀ ದೊರೆಗಾಗಿ ಮಾಡಿಸಿದ್ದು ಎಂದು ಅದರ ಮೈಮೇಲೆ ಬರೆದಿದೆ. ಆ ಲೆಕ್ಕ ಕ್ರಿ.ಪೂ. 433ಕ್ಕೆ ಬರುತ್ತದೆ. ಕನ್ನಡ ನೆಲದಲ್ಲಿ ಸಿಕ್ಕ ಮಸ್ಕಿಯ ಅಶೋಕ ಶಾಸನಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದಿನ ಮಾತು. ಈ ಭಾಗದಲ್ಲಿ ತ್ಸೆಂಗ್ ಎಂಬ ರಾಜ್ಯವಿತ್ತೆಂದು ಹಳೆಯ ಇತಿಹಾಸ ಗ್ರಂಥಗಳು ಹೇಳುವುದಿಲ್ಲ. ಅವು ಹೇಳುವುದು ಸುಯ್ ಎಂಬ ರಾಜ್ಯದ ಬಗ್ಗೆ. ಎರಡೂ ಒಂದೇ ಎಂಬ ನಿಲುವಿಗೆ ವಿದ್ವಾಂಸರು ಬಂದದ್ದು ಇಂಥ ಕಂಚಿನ ಬರಹಗಳನ್ನು ಓದಿಯೇ.

ಇಲ್ಲಿಂದ ಮುಂದೆ ನಡೆದಂತೆಲ್ಲ ಇದೇ ಮಾತು ಮತ್ತೆ ಮತ್ತೆ ಮನದಟ್ಟಾಗುತ್ತದೆ. ಈ ಸಂಗ್ರಹಾಲಯದ ಎಷ್ಟೋ ಮುಖ್ಯ ವಸ್ತುಗಳು ತಮ್ಮ ಕಥೆಯನ್ನು ಮೈಮೇಲೆ ಬರೆದುಕೊಂಡೇ ಬಂದಿವೆ.

ಯೀ ದೊರೆಯ ಬಟ್ಟೆಯ ಪೆಟ್ಟಿಗೆಯೊಂದಿದೆ. ಕಪ್ಪು ಲ್ಯಾಕರ್ ಬಳಿದ ಮರ, ಕಮಾನಿನಂತೆ ಬಾಗಿದ ಮುಚ್ಚಳ. ನಡುವೆ ಕೆಂಪಿನಲ್ಲಿ ದೊಡ್ಡದಾಗಿ ಸಪ್ತರ್ಷಿ ಮಂಡಲವನ್ನು ಸೂಚಿಸುವ ಅಕ್ಷರ, ಅದರ ಸುತ್ತ ಚಂದ್ರನ ದಾರಿಯ 28 ನಕ್ಷತ್ರಗಳ ಹೆಸರು, ಒಂದು ಬದಿಗೆ ಡ್ರ್ಯಾಗನ್, ಇನ್ನೊಂದು ಬದಿಗೆ ಹುಲಿ. ಪಂಚಾಂಗ ನೋಡಿ ಬೆಳೆದ ನಮ್ಮಂಥವರಿಗೆ ಇದರ ಮುಂದೆ ಕಾಲು ಕೀಳಲು ಮನಸ್ಸಾಗುವುದಿಲ್ಲ. ಅಭಿಜಿತ್ತನ್ನು ಸೇರಿಸಿದರೆ ನಮ್ಮ ನಕ್ಷತ್ರಗಳೂ 28. ಚೀನಿಯರ ಪಟ್ಟಿಯ ಮಾವೋ ಎಂದರೆ ನಮ್ಮ ಕೃತ್ತಿಕೆ, ಶಿನ್‌ನಲ್ಲಿರುವುದು ನಮ್ಮ ಜ್ಯೇಷ್ಠಾ, ಜಿಯಾವೋದಲ್ಲಿರುವುದು ನಮ್ಮ ಚಿತ್ತಾ. ಹಿಮಾಲಯದ ಆಚೆ ಈಚೆ ಒಂದೇ ಆಕಾಶವನ್ನು ಹೆಚ್ಚುಕಮ್ಮಿ ಒಂದೇ ರೀತಿ ಪಾಲು ಮಾಡಿಕೊಂಡಿದ್ದರು ಎನ್ನಲು ಈ ಮುಚ್ಚಳಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪಕ್ಕದಲ್ಲೇ ಮದ್ಯ ತಂಪು ಮಾಡುವ ಕಂಚಿನ ಪಾತ್ರೆ ಮತ್ತು ಅದನ್ನಿಡುವ ಬೋಗುಣಿ. ಅಂಚಿನ ತುಂಬ ಬಳ್ಳಿಯೊಳಗೆ ಬಳ್ಳಿ ಹೆಣೆದ ಹಾಗೆ ಎಷ್ಟು ಸೂಕ್ಷ್ಮ ಕೆಲಸವೆಂದರೆ, ಅದು ಲೋಹವೆಂದು ಕಣ್ಣು ಒಪ್ಪುವುದಿಲ್ಲ. ಬೋಗುಣಿಯ ತಳದಲ್ಲಿ ಯೀ ದೊರೆಯ ಹೆಸರಿದೆ. ಅದರಡಿ, ಉಜ್ಜಿ ಅಳಿಸಿದ ಇನ್ನೊಬ್ಬನ ಹೆಸರಿನ ಗುರುತೂ ಇದೆ. ಅವನು ಇವನಿಗಿಂತ ಹಿಂದಿನ ದೊರೆ. ಹೆಸರಿನ ಆಸೆ ಎಷ್ಟು ಹಳೆಯದು!

ಇನ್ನೊಂದು ಕೋಣೆಯಲ್ಲಿ ಒಂದೇ ಕತ್ತಿಗಾಗಿ ಜನ ಸುತ್ತುಗಟ್ಟಿರುತ್ತಾರೆ. ಸುಮಾರು 56 ಸೆಂ.ಮೀ. ಉದ್ದ, ಅಲಗಿನ ತುಂಬ ಕಪ್ಪು ವಜ್ರಾಕೃತಿಯ ಜಾಲ, ಹಿಡಿಯ ಬುಡದಲ್ಲಿ ನೀಲಿ ಗಾಜು ಮತ್ತು ವೈಡೂರ್ಯ ವರ್ಣದ ಕಲ್ಲು. 1965ರಲ್ಲಿ ಜಿಯಾಂಗ್‌ಲಿಂಗ್‌ನ ಗೋರಿಯೊಂದರಲ್ಲಿ ಇದು ಸಿಕ್ಕಾಗ ತುಕ್ಕು ಹಿಡಿದಿರಲಿಲ್ಲ. ಹಕ್ಕಿಯ ರೂಪದ ಬಳುಕುವ ಎಂಟು ಅಕ್ಷರಗಳನ್ನು ಓದಲು ದೇಶದ ಲಿಪಿತಜ್ಞರು ಪತ್ರ ಬರೆದುಕೊಂಡು ಚರ್ಚಿಸಿದರು. ಕೊನೆಗೆ ಒಪ್ಪಿದ ಪಾಠದಂತೆ ಅದು ಯುಯೆ ರಾಜ್ಯದ ಅರಸ ಗೌಜಿಯನ್‌ನ ಕತ್ತಿ. ಸೋತು, ಅವಮಾನ ನುಂಗಿ, ವರ್ಷಗಟ್ಟಲೆ ಸಿದ್ಧತೆ ನಡೆಸಿ ಶತ್ರುವನ್ನು ಗೆದ್ದವನೆಂದು ಚೀನೀ ಮಕ್ಕಳೆಲ್ಲ ಬಲ್ಲ ಹೆಸರು. ಅವನ ಕತ್ತಿ ಚು ರಾಜ್ಯದ ಗೋರಿಗೆ ಬಂದದ್ದು ಮದುವೆಯ ಉಡುಗೊರೆಯಾಗಿಯೋ, ಯುದ್ಧದ ಲೂಟಿಯಾಗಿಯೋ ಎಂಬ ಚರ್ಚೆ ಇನ್ನೂ ಇದೆ.

ಮಿಂಗ್ ಕಾಲದ ಲಿಯಾಂಗ್ ರಾಜಕುಮಾರನ ಗೋರಿಯಿಂದ 2001ರಲ್ಲಿ ಬಂದ ಚಿನ್ನದ ಗಟ್ಟಿಯೊಂದು ನಮ್ಮ ಕರಾವಳಿಯತ್ತ ಕೈ ತೋರಿಸುತ್ತದೆ. ಪಶ್ಚಿಮ ಸಾಗರದ ಕಡೆಯಿಂದ ಕೊಂಡುತಂದ ಐವತ್ತು ಲಿಯಾಂಗ್ (ಚೀನೀ ತೂಕದ ಮಾನ) ತೂಕದ ಚಿನ್ನ ಎಂದು ಅದರ ಮೇಲೆ ಬರೆದಿದೆ. ಇಸವಿ 1419. ಮಿಂಗ್ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಐದನೇ ಯಾನ ಮುಗಿಸಿ ಮರಳಿದ ವರ್ಷ ಅದು. ಕಲ್ಲಿಕೋಟೆ, ಕೊಚ್ಚಿಗಳು ಆ ಹಡಗುಗಳಿಗೆ ಚಿರಪರಿಚಿತ ಬಂದರುಗಳು. ಆಗ ವಿಜಯನಗರವನ್ನು ಆಳುತ್ತಿದ್ದವನು ಒಂದನೇ ದೇವರಾಯ.

ಇಷ್ಟೆಲ್ಲ ನೋಡಿದ ಮೇಲೆ ಮರಳಿ ಯೀ ದೊರೆಯ ಗೋರಿಯ ವಿಭಾಗಕ್ಕೆ ಬರಬೇಕು. ಅಲ್ಲಿ ಅವನ ಬೃಹತ್ ಶವಪೆಟ್ಟಿಗೆಯಿದೆ. ಕಂಚಿನ ಚೌಕಟ್ಟಿಗೆ ಮರ ಕೂರಿಸಿ, ಲ್ಯಾಕರ್ ಬಳಿದು, ಚಿತ್ರ ಬರೆದದ್ದು. ಅದೇ ಗೋರಿಯಲ್ಲಿ ಇನ್ನೂ 21 ಚಿಕ್ಕ ಶವಪೆಟ್ಟಿಗೆಗಳು ಸಿಕ್ಕವು. ಎಲ್ಲವೂ ಹೆಣ್ಣುಮಕ್ಕಳವು. ಹದಿಹರೆಯದವರು, ಇಪ್ಪತ್ತರ ಆಚೀಚಿನವರು. ದೊರೆಯ ಜತೆಗೆ ಹೂಳಲ್ಪಟ್ಟವರು. ಅವರಲ್ಲಿ ಕೆಲವರು ಈ ಗಂಟೆಗಳನ್ನು ನುಡಿಸಿದವರೋ, ಈ ಸಂಗೀತಕ್ಕೆ ಕುಣಿದವರೋ ಆಗಿರಬಹುದೆಂಬ ಊಹೆ ಉಂಟು. ಒಂದೊಂದು ಗಂಟೆಗೂ ಹೆಸರು ಬರೆದ ಆಸ್ಥಾನ ಇವರ ಹೆಸರು ಬರೆದಿಡಲಿಲ್ಲ. ವಯಸ್ಸನ್ನಾದರೂ ತಿಳಿಸಿದ್ದು ಮೂಳೆಗಳು.

ಅರಸರ ಹೊರತು ಬೇರೆಯವರ ದನಿ ಇಲ್ಲಿ ಇಲ್ಲವೇ ಎಂದರೆ, ಇದೆ. ಯುನ್‌ಮೆಂಗ್‌ನ ಶ್ವೇಹುದಿಯಲ್ಲಿ ಸಿಕ್ಕ, ಗೇಣುದ್ದದ ತೆಳು ಮರದ ಪಟ್ಟಿಗಳ ಮೇಲೆ ಮಸಿಯಲ್ಲಿ ಬರೆದ ಎರಡು ಪತ್ರಗಳು. ಚಿನ್ ರಾಜ್ಯದ ಸೈನ್ಯದಲ್ಲಿ ಚು ರಾಜ್ಯದ ವಿರುದ್ಧ ಹೋರಾಡುತ್ತಿದ್ದ ಹೇಫು ಮತ್ತು ಜಿಂಗ್ ಎಂಬ ಅಣ್ಣತಮ್ಮಂದಿರು ಊರಲ್ಲಿದ್ದ ಸಹೋದರನಿಗೆ ಬರೆದದ್ದು. ಕ್ರಿ.ಪೂ. 223ರ ಸುಮಾರು. ಅಮ್ಮ ಹೇಗಿದ್ದಾಳೆ? ಬೇಸಿಗೆಯ ಬಟ್ಟೆ ಬೇಕು. ಊರಲ್ಲಿ ಬಟ್ಟೆ ಅಗ್ಗವಾಗಿದ್ದರೆ ಹೊಲಿಸಿ ಕಳಿಸಲಿ, ತುಟ್ಟಿಯಾಗಿದ್ದರೆ ಹಣ ಕಳಿಸಲಿ, ಇಲ್ಲೇ ಕೊಳ್ಳುತ್ತೇವೆ. ಜಿಂಗ್ ತನ್ನ ಹೊಸ ಹೆಂಡತಿಯನ್ನೂ ವಿಚಾರಿಸುತ್ತಾನೆ. ಹಣ ಬರದಿದ್ದರೆ ಸತ್ತೇಹೋಗುತ್ತೇನೆ ಎಂದು ಬರೆದು, ಬೇಗ ಎಂಬ ಮಾತನ್ನು ಮೂರು ಸಲ ಒತ್ತಿ ಹೇಳುತ್ತಾನೆ. ಅವರು ಮನೆಗೆ ಮರಳಿದರೋ ಇಲ್ಲವೋ, ಆ ಪಟ್ಟಿಗಳು ಹೇಳುವುದಿಲ್ಲ. ಊರಲ್ಲಿದ್ದವನು ಅವನ್ನು ಜೋಪಾನ ಮಾಡಿದ್ದಂತೂ ನಿಜ; ಗೋರಿಯವರೆಗೂ ಅವು ಜತೆಗಿದ್ದವು.

ಹುಬೆಯ ಈ ಸಂಗ್ರಹಾಲಯಕ್ಕೆ ಹೋದವರು ಗಂಟೆ, ಕತ್ತಿ ನೋಡಿ ಫೋಟೊ ತೆಗೆದು ಹೊರಬರುವುದು ಸಹಜ. ನನ್ನ ಕೇಳಿಕೆ ಇಷ್ಟೆ: ಸೈನಿಕರ ಆ ಮಸಿಯ ಪಟ್ಟಿಗಳಿಗೆ, ಹೆಸರಿಲ್ಲದ ಆ 21 ಪೆಟ್ಟಿಗೆಗಳ ಸಂಗತಿಗೆ ಕತ್ತಿಗೆ ಕೊಟ್ಟಷ್ಟೇ ಹೊತ್ತು ಕೊಡಬೇಕು. ಅರಸರು ತಮ್ಮ ಹೆಸರನ್ನು ತಾವೇ ಬರೆಸಿಕೊಂಡರು. ಅವರನ್ನು ನೆನೆಯಲು ನಮ್ಮ ಹಂಗಿಲ್ಲ. ಬರೆಸಿಕೊಳ್ಳಲಾಗದವರನ್ನು ಎಣಿಸಿ, ವಯಸ್ಸು ಗುರುತಿಸಿ, ಅದೇ ಚಾವಣಿಯ ಕೆಳಗೆ ದೊರೆಯ ಲೆಕ್ಕದಲ್ಲೇ ಸೇರಿಸುವುದು ಇತಿಹಾಸ ಓದುವವರ ಹೊಣೆ. ಆ ಹೊಣೆಯನ್ನು ಹೊತ್ತಾಗಲೇ ಒಂದು ಸಂಗ್ರಹಾಲಯ ಅರಮನೆಯ ಉಗ್ರಾಣಕ್ಕಿಂತ ದೊಡ್ಡದಾಗುವುದು.