ಅಪರಾಧಿಗಳಲ್ಲಿ ಮಾದಕ ವ್ಯಸನ (ಮಂಡ್ಯ ಜಿಲ್ಲೆ)

ಅಪರಾಧದ ಆರೋಪಕ್ಕೆ ಒಳಗಾದ ವಯಸ್ಕರು ಹಾಗೂ ಬಾಲಕರಲ್ಲಿ ಕಂಡುಬರುವ ಮದ್ಯ, ಗಾಂಜಾ ಮುಂತಾದವುಗಳ ಚಟವು ಕಾನೂನು ಮತ್ತು ವೈದ್ಯಕೀಯ ಎರಡಕ್ಕೂ ಸೇರಿದ ಸಮಸ್ಯೆಯಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇಂತಹ ಪ್ರಕರಣಗಳಿಗೆ ದೇಶದ ಇತರೆಡೆಗಳಂತೆ ಎರಡು ಪ್ರತ್ಯೇಕ ಕಾಯ್ದೆಗಳು ಅನ್ವಯಿಸುತ್ತವೆ.

ವ್ಯಾಪ್ತಿ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ ಮದ್ಯವನ್ನೂ ಶೇ. 2.8 ಮಂದಿ ಗಾಂಜಾ, ಭಂಗಿ ಮೊದಲಾದವುಗಳನ್ನೂ ಸೇವಿಸುತ್ತಾರೆ. ಪಂಕ್ಚರ್ ಅಂಟು, ವೈಟ್ನರ್‌ಗಳಂತಹ ವಸ್ತುಗಳನ್ನು ಮೂಸುವ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು.

ವಯಸ್ಕರು

1985ರ ಎನ್‌ಡಿಪಿಎಸ್ ಕಾಯ್ದೆಯು ವಶವಾದ ಪ್ರಮಾಣವನ್ನು ಆಧರಿಸಿ ಶಿಕ್ಷೆ ವಿಧಿಸುತ್ತದೆ. ಗಾಂಜಾ 1 ಕಿಲೋಗ್ರಾಂವರೆಗೆ ಇದ್ದರೆ ಅಲ್ಪ ಪ್ರಮಾಣ. ಶಿಕ್ಷೆ ಒಂದು ವರ್ಷದವರೆಗೆ. 20 ಕಿಲೋಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ. ಮಾರುವವನನ್ನೂ ಚಟಕ್ಕೆ ಬಿದ್ದವನನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 39ನೇ ಕಲಮಿನಂತೆ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆ ಪಡೆದು, ನ್ಯಾಯಾಲಯವು ಚಿಕಿತ್ಸೆಗೆ ಕಳುಹಿಸಬಹುದು. ಅಂತಹ ಆರೋಪಿ ತಾನಾಗಿಯೇ ಚಿಕಿತ್ಸೆ ಬಯಸಿದರೆ 64ಎ ಕಲಮು ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ವಿನಾಯಿತಿ ರದ್ದಾಗಬಹುದು.

ಬಾಲಕರು

18 ವರ್ಷದೊಳಗಿನವರ ಪ್ರಕರಣ 2015ರ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಬಾಲಕನನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇರಿಸುವಂತಿಲ್ಲ; 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅವನ ಹೆಸರು, ಊರು, ಶಾಲೆಗಳನ್ನು ಪ್ರಕಟಿಸುವುದು ಅಪರಾಧ. ಮಕ್ಕಳಿಗೆ ಮಾದಕ ವಸ್ತು ಕೊಡುವವರಿಗೂ ಅವರಿಂದ ಮಾರಿಸುವವರಿಗೂ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದ್ದರಿಂದ ಪೊಟ್ಟಣದೊಡನೆ ಸಿಕ್ಕ ಹುಡುಗನು ಆರೋಪಿಯಾಗಿರುವಂತೆಯೇ ಬೇರೊಬ್ಬರ ಅಪರಾಧಕ್ಕೆ ಬಲಿಯಾದವನೂ ಆಗಿರಬಹುದು.

ಸೆರೆಮನೆ ಮತ್ತು ಚಿಕಿತ್ಸೆ

ಬಂಧನವಾದೊಡನೆ ಚಟ ನಿಲ್ಲುತ್ತದೆ ಎಂಬ ನಂಬಿಕೆ ಸರಿಯಲ್ಲ. ಬಹಳ ಕಾಲ ವಿಪರೀತ ಕುಡಿದವರು ಹಠಾತ್ತನೆ ಮದ್ಯ ಬಿಟ್ಟಾಗ, ಎರಡು ಮೂರು ದಿನಗಳಲ್ಲಿ ಸೆಳವು, ಸನ್ನಿ ಕಾಣಿಸಿಕೊಂಡು ಪ್ರಾಣಾಪಾಯವಾಗಬಹುದು. ಹೆರಾಯಿನ್‌ನಂತಹ ಅಫೀಮು ಮೂಲದ ವಸ್ತುಗಳ ವ್ಯಸನಿಗೆ ಅಪಾಯ ಹೆಚ್ಚುವುದು ಬಿಡುಗಡೆಯ ಬಳಿಕ: ಸೆರೆಯಲ್ಲಿ ದೇಹದ ಸಹಿಷ್ಣುತೆ ತಗ್ಗಿರುವುದರಿಂದ ಹಳೆಯ ಪ್ರಮಾಣವೇ ಸಾವಿಗೆ ಕಾರಣವಾಗಬಲ್ಲದು.

ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಜಿಲ್ಲೆಯ ಪ್ರಮುಖ ಸರ್ಕಾರಿ ಬೋಧನಾ ಆಸ್ಪತ್ರೆಯಾಗಿದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446. ಮಕ್ಕಳ ಸಹಾಯವಾಣಿ 1098.